ಪಿಕಪ್ಪಿನ ಬಾಣಂತನ

ನಮ್ಮ ಪಿಕಪ್ಪಿಗೆ ಈಗ 17 ವರ್ಷ. ಮಗನಾಗಿದ್ದರೆ ಪಿಯುಸಿ ಫೇಲಾಗುವ ವಯಸ್ಸು. ಬಾಳೂರಿನ ಮಳೆಯಲ್ಲಿ ಹೆಡ್‌ಲೈಟು ಚಿಮಣಿ ಬುಡ್ಡಿಯ ಹಾಗೆ ಉರಿಯುತ್ತಿತ್ತು. ಕೊಟ್ಟಿಗೆಹಾರದ ಮಂಜಿನಲ್ಲಿ ದಾರಿ ಕಾಣದೆ ಅಂದಾಜಿನ ಮೇಲೆ ಓಡಿಸುತ್ತಿದ್ದೆ. ಗ್ಯಾರೇಜಿಗೆ ಕೊಟ್ಟರೆ ಕಾಳುಮೆಣಸಿನ ದುಡ್ಡೂ ಹೋದೀತೆಂದು ನಾನೇ ರಿಲೇ ಹಾಕಲು ಕೂತೆ.

ಲೆಕ್ಕ ಸುಲಭ. 60 ವ್ಯಾಟಿನ ಎರಡು ಬಲ್ಬು, 12 ವೋಲ್ಟಿನ ಬ್ಯಾಟರಿ. ಅಂದರೆ 10 ಆಂಪಿಯರ್. ಅಷ್ಟೂ ಕರೆಂಟು ಹಳೇ ಸ್ವಿಚ್ಚಿನ ಕರಕಲು ಸಂದಿಯಲ್ಲಿ ನುಸುಳಿ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ರಿಲೇ ಇದ್ದರೆ ಸ್ವಿಚ್ಚಿನದು ಬರೀ ಅಪ್ಪಣೆ. ಬಲ್ಬಿನ ಕರೆಂಟು ಬ್ಯಾಟರಿಯಿಂದಲೇ ಫ್ಯೂಸು ದಾಟಿ ದಪ್ಪ ವೈರಿನಲ್ಲಿ ಬರುತ್ತದೆ. ನಮ್ಮ ಮನೆಯದೂ ಇದೇ ವ್ಯವಸ್ಥೆ: ಅಪ್ಪಣೆ ಹೆಂಡತಿಯದು, ಓಡಾಟ ನನ್ನದು.

ಡ್ಯಾಶ್‌ಬೋರ್ಡ್ ಬಿಚ್ಚಿದರೆ ಒಳಗೆ ಇಲಿಯ ಬಾಣಂತನ! ವೈರಿನ ಸಿಪ್ಪೆಯನ್ನೆಲ್ಲ ಸುಲಿದು ಮರಿಗಳಿಗೆ ಹಾಸಿತ್ತು. ಕಂಡ ವೈರಿಗೆ ಕಂಡ ವೈರು ಸುತ್ತಿ ಟೇಪು ಹಚ್ಚಿದೆ. ಮೂರು ಸ್ಕ್ರೂ ಉಳಿದವು. ಹೆಂಡತಿ ಅವನ್ನು ಸಾಸಿವೆ ಡಬ್ಬಿಯಲ್ಲಿಟ್ಟಿದ್ದಾಳೆ, ಯಾಕೋ ಕೇಳಿಲ್ಲ.

ಬೆಳಕೇನೋ ಈಗ ಜಗಜಗಿಸುತ್ತದೆ. ಆದರೆ ಹಾರ್ನ್ ಒತ್ತಿದರೆ ವೈಪರ್ ಆಡುತ್ತದೆ. ತಿರುವಿನಲ್ಲಿ ಎದುರಾದ ಬಸ್ಸಿನವರು, ಟಾಟಾ ಮಾಡುತ್ತಿದ್ದಾನೆಂದುಕೊಂಡು ತಾವೂ ಕೈ ಬೀಸಿ ಹೋಗುತ್ತಾರೆ.