ತೊಟ್ಟೆಯಿಂದ ಹೊಟ್ಟೆಗೆ

ಮಂಗಳೂರಿನಲ್ಲಿ ಬಂಗುಡೆ ಕೊಂಡರೆ ಅದು ಮನೆಗೆ ಬರುವುದು ಕಪ್ಪು ತೊಟ್ಟೆಯಲ್ಲಿ, ಅಂದರೆ ಪ್ಲಾಸ್ಟಿಕ್ ಚೀಲದಲ್ಲಿ. "ತೊಟ್ಟೆ ಬ್ಯಾನ್ ಅಲ್ವಾ ಅಕ್ಕಾ?" ಎಂದು ಮೀನು ಮಾರುವವರನ್ನು ಕೇಳಿದೆ. "ಬ್ಯಾನ್ ಉಂಟು ಮಾರಾಯ್ರೆ. ಮೀನು ಕಿಸೆಯಲ್ಲಿ ಹಾಕ್ಲಾ?" ಎಂದರು. 2016ರಲ್ಲೇ ರಾಜ್ಯ ಸರ್ಕಾರ ತೆಳು, ದಪ್ಪ ಎನ್ನದೆ ಎಲ್ಲ ಪ್ಲಾಸ್ಟಿಕ್ ಚೀಲಗಳನ್ನೂ ನಿಷೇಧಿಸಿದೆ. ನಾನು ಅಂಗಿಯ ಕಿಸೆ ನೋಡಿಕೊಂಡು ತೊಟ್ಟೆಗೆ ಕೈ ಚಾಚಿದೆ.

ದಿಲ್ಲಿಯವರ ತಕರಾರು ತೊಟ್ಟೆಯದಲ್ಲ, ಅದರ ದಪ್ಪದ್ದು. 1999ರಲ್ಲಿ 20 ಮೈಕ್ರಾನ್ ಇದ್ದರೆ ಸಾಕೆಂದರು. 2011ರಲ್ಲಿ 40, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಯ ದಿನದಿಂದ 120. ದಪ್ಪಗಿದ್ದರೆ ಜನ ಬಿಸಾಡುವುದಿಲ್ಲ, ಹೆಕ್ಕುವವರಿಗೂ ನಾಲ್ಕು ಕಾಸು ಸಿಗುತ್ತದೆ ಎಂಬುದು ವಾದ. ಅಂತೂ 23 ವರ್ಷಗಳಲ್ಲಿ ತೊಟ್ಟೆ ಆರು ಪಟ್ಟು ಮೈ ತುಂಬಿಕೊಂಡಿತು. ನಮ್ಮ ಅಂಗನವಾಡಿಯ ಮಕ್ಕಳಿಗೆ ಈ ಯೋಗ ಬರಲಿಲ್ಲ.

ಕಡಲಿಗೆ ಗೆಜೆಟ್ ತಲುಪುವುದಿಲ್ಲ. ಬಿಸಿಲು, ಅಲೆ, ಮರಳು ಸೇರಿ 20 ಮೈಕ್ರಾನಿನದ್ದನ್ನೂ 120ರದ್ದನ್ನೂ ಪುಡಿ ಮಾಡುತ್ತವೆ. ದಪ್ಪಗಿನದ್ದಕ್ಕೆ ಸ್ವಲ್ಪ ಸಮಯ ಹೆಚ್ಚು, ಅಷ್ಟೆ. ಚೂರು ಐದು ಮಿಲಿಮೀಟರಿಗಿಂತ ಚಿಕ್ಕದಾದ ಮೇಲೆ ಅದಕ್ಕೆ ಮೈಕ್ರೋಪ್ಲಾಸ್ಟಿಕ್ ಎಂದು ನಾಮಕರಣ. ಬಂಗುಡೆ, ಬೂತಾಯಿಗಳು ಬಾಯಿ ತೆರೆದು ನೀರು ಸೋಸಿ ತಿನ್ನುವ ಜಾತಿ. ಕಿವಿರಿನ ಜರಡಿಯಲ್ಲಿ ಸಿಕ್ಕಿದ್ದು ಊಟ. ಮೈಕ್ರಾನ್ ಅಳೆಯಲು ಅವುಗಳ ಬಳಿ ಇನ್‌ಸ್ಪೆಕ್ಟರ್ ಇಲ್ಲ. ಸಾಲದ್ದಕ್ಕೆ, ಕಡಲಲ್ಲಿ ನೆಂದು ಪಾಚಿ ಹಿಡಿದ ಪ್ಲಾಸ್ಟಿಕ್ಕಿಗೆ ತಿಂಡಿಯ ವಾಸನೆ ಬೇರೆ. ಕ್ಯಾಲಿಫೋರ್ನಿಯಾ ತೀರದ ಆಂಚೊವಿ ಮೀನುಗಳು ಆ ವಾಸನೆಗೇ ಊಟದ ಪಂಕ್ತಿಗೆ ಕೂತವರಂತೆ ಚುರುಕಾದದ್ದನ್ನು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ಹೋಟೆಲಿನ ಬಾಗಿಲಲ್ಲಿ ಒಗ್ಗರಣೆಗೆ ಮರುಳಾಗುವ ನಾವು ನಗುವ ಹಾಗಿಲ್ಲ.

ಹೀಗೆ ಹೊಟ್ಟೆ ತುಂಬಿದರೂ ಮೈಗೆ ಹತ್ತುವುದಿಲ್ಲ. ಪ್ರಯೋಗಾಲಯಗಳಲ್ಲಿ ಮೀನಿನ ಕರುಳು ಉರಿಯೂತಕ್ಕೆ ತುತ್ತಾದದ್ದು, ಬೆಳವಣಿಗೆ ಕುಂಠಿತವಾದದ್ದು ಕಂಡಿದೆ. ಪ್ಲಾಸ್ಟಿಕ್ ಚೂರು ಕಡಲಿನ ವಿಷವನ್ನೂ ಹೀರಿಕೊಂಡು ಬರುತ್ತದೆ. ಅಂಥ ಚೂರುಗಳನ್ನು ಜಪಾನಿನ ಮೆಡಾಕಾ ಮೀನುಗಳಿಗೆ ಎರಡು ತಿಂಗಳು ತಿನ್ನಿಸಿದಾಗ ಅವುಗಳ ಲಿವರ್ ಹದಗೆಟ್ಟದ್ದು 2013ರಲ್ಲಿ ವರದಿಯಾಯಿತು. ಹುಟ್ಟಿದಂದಿನಿಂದ ನೀರು ಬಿಟ್ಟು ಬೇರೇನೂ ಮುಟ್ಟದ ಪ್ರಾಣಿಗೆ ಲಿವರ್ ಕಾಯಿಲೆ! ನಮ್ಮೂರಿನ ಕೆಲವು ಹಿರಿಯರಿಗೆ ಈ ಸುದ್ದಿಯಿಂದ ಬಹಳ ಸಮಾಧಾನವಾಗಿದೆ.

ಸಂಜೆ ಮನೆಯಲ್ಲಿ ಬಂಗುಡೆ ಶುಚಿಯಾಯಿತು. ಕರುಳು, ಕಿವಿರನ್ನೆಲ್ಲ ಅದೇ ಕಪ್ಪು ತೊಟ್ಟೆಗೆ ತುಂಬಿ ಗಂಟು ಹಾಕಿದೆ. ಕಸದ ಗಾಡಿ ಬರುವುದು ನಾಳೆ. ಅಲ್ಲಿಯವರೆಗೆ ಮನೆಯೆಲ್ಲ ನಾರುತ್ತದೆ. ಸ್ಕೂಟರಿಗೆ ಸಿಕ್ಕಿಸಿಕೊಂಡು ಹೊರಟೆ. ಹೊಳೆ ಹೇಗೂ ದಾರಿಯಲ್ಲೇ ಸಿಗುತ್ತದೆ.