ಕಾಲು, ಅರೆ, ಮುಕ್ಕಾಲು ಮತ್ತು ಗುಗ್ಗರಿ

ನಿವೃತ್ತನಾದವನಿಗೆ ಊರ ತುಂಬ ಹಿತೈಷಿಗಳು. ವಾಕಿಂಗ್ ಹೋಗಿ ಅನ್ನುವವರು ಕೆಲವರು, ಧ್ಯಾನ ಮಾಡಿ ಅನ್ನುವವರು ಕೆಲವರು, ಏನೂ ಬೇಡ, ಮನೆಯಲ್ಲಿ ನಾಲ್ಕು ತೆಂಗಿನಕಾಯಿ ಸುಲಿದುಕೊಟ್ಟರೆ ಸಾಕು ಅನ್ನುವವಳು ಒಬ್ಬಳು. ತಾಲ್ಲೂಕು ಕಚೇರಿಯಲ್ಲಿ ಪಹಣಿ ನೋಡುತ್ತ ನೋಡುತ್ತ ತಲೆ ನರೆಸಿಕೊಂಡ ನಾನು ಇವರ್ಯಾರ ಮಾತನ್ನೂ ಕೇಳದೆ, ತುಮಕೂರಿನ ನಮ್ಮ ಬಡಾವಣೆಯ ಚರ್ಚಿನಲ್ಲಿ ಸಂಜೆ ಹೊತ್ತು ಮಿಡ್ಲ್ ಸ್ಕೂಲ್ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಹೊರಟೆ. ಸೇವಾಭಾವ ಅಂತ ನೀವು ತಿಳಿದುಕೊಂಡರೆ ನನ್ನ ಅಭ್ಯಂತರವಿಲ್ಲ. ಆದರೆ ಸಂಜೆ ಐದರ ಬಿಸಿಲಿನಲ್ಲಿ ನೆರಳು ಬೀಳುವ ಜಗಲಿ ನಮ್ಮ ಬೀದಿಯಲ್ಲಿ ಅದೊಂದೇ ಎನ್ನುವುದೂ ನಿಮಗೆ ಗೊತ್ತಿರಲಿ.

ಹೆಂಡತಿಯ ಪ್ರತಿಕ್ರಿಯೆ ಚುಟುಕಾಗಿತ್ತು. "ಮೊಮ್ಮಗ ಲೆಕ್ಕ ಕೇಳಿದ್ರೆ ನ್ಯೂಸ್ ನೋಡ್ತಿದೀನಿ ಅಂತೀರ. ಊರ ಮಕ್ಕಳಿಗೆ ಮೇಷ್ಟ್ರಾಗ್ತೀರಾ?" ಪಕ್ಕದ ಮನೆಯವರಿಗೆ ಬೇರೆಯದೇ ಆತಂಕ. ಗೇಟಿನ ಹತ್ತಿರ ನಿಲ್ಲಿಸಿ, ದನಿ ತಗ್ಗಿಸಿ, "ಏನ್ ಸಾರ್, ಚರ್ಚ್ ಕಡೆ ಓಡಾಟ ಜಾಸ್ತಿ ಆಗಿದೆಯಂತೆ, ಅಲ್ಲಿ ಮತಾಂತರ ಗಿತಾಂತರ..." ಎಂದು ಎಳೆದರು. "ಆಗುತ್ತೆ ಸಾರ್, ದಿನಾ ಆಗುತ್ತೆ, ಭಿನ್ನರಾಶಿಯಿಂದ ದಶಮಾಂಶಕ್ಕೆ. ಅದೂ ಸುಲಭಕ್ಕೆ ಒಪ್ಪಿಕೊಳ್ಳಲ್ಲ" ಎಂದೆ. ಅವರು ನಕ್ಕರು, ಆದರೆ ಪೂರ್ತಿ ನಗಲಿಲ್ಲ.

ನಿಜ ಹೇಳಬೇಕೆಂದರೆ ಅಲ್ಲಿಗೆ ಬರುವ ಮಕ್ಕಳಲ್ಲಿ ಎಲ್ಲ ಮನೆಯವರೂ ಇದ್ದಾರೆ. ಗಾರೆ ಕೆಲಸದವರ, ಆಟೋದವರ, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರ ಮಕ್ಕಳು. ಸ್ಕೂಲು ಬಿಡುವುದಕ್ಕೂ ಅಮ್ಮ ಮನೆ ಸೇರುವುದಕ್ಕೂ ನಡುವೆ ಎರಡು ಗಂಟೆ ಮನೆಗೆ ಬೀಗ. ಆ ಬೀಗದ ಹೊತ್ತನ್ನು ಕಳೆಯಲು ಅವರಿಗೊಂದು ಜಾಗ ಬೇಕು, ಅಷ್ಟೆ. ಮೊದಲಿಗೆ ಪುಟ್ಟ ಪ್ರಾರ್ಥನೆ. ಒಬ್ಬ ಕೈ ಮುಗಿಯುತ್ತಾನೆ, ಇನ್ನೊಬ್ಬ ಅಂಗೈ ಬಿಚ್ಚಿ ಹಿಡಿಯುತ್ತಾನೆ, ಮತ್ತೊಬ್ಬ ಒಂದೇ ಕಣ್ಣು ಮುಚ್ಚಿ ಇನ್ನೊಂದರಲ್ಲಿ ಪಾಸ್ಟರಮ್ಮನ ಗುಗ್ಗರಿ ಪಾತ್ರೆ ಕಾಯುತ್ತಾನೆ. ಹುರುಳಿಕಾಳಿನ ಗುಗ್ಗರಿ, ಮೇಲೆ ಕಾಯಿತುರಿ. ಆ ಮೂರನೆಯವನ ಏಕಾಗ್ರತೆ ನನಗೆ ಯಾವ ದೇವಸ್ಥಾನದಲ್ಲೂ ಬಂದಿಲ್ಲ.

ಈ ಆರು, ಏಳನೇ ಕ್ಲಾಸಿನ ವಯಸ್ಸಿದೆಯಲ್ಲ, ಅದು ಕಾವಲಿಯ ಮೇಲಿನ ದೋಸೆಯ ಹಾಗೆ. ಬೇಗ ಮಗುಚಿದರೆ ಹರಿಯುತ್ತದೆ, ತಡ ಮಾಡಿದರೆ ಸೀಯುತ್ತದೆ. ಮಗು ಅಂದರೆ ಮುಖ ಊದಿಸಿಕೊಳ್ಳುತ್ತಾರೆ, ದೊಡ್ಡವನಾದೆ ಅಂದರೆ ಪೆನ್ಸಿಲ್ಲಿಗಾಗಿ ಕಿತ್ತಾಡುತ್ತಾರೆ. ಹುಡುಗರ ದನಿ ಒಂದೇ ವಾಕ್ಯದಲ್ಲಿ ಎರಡು ಸಲ ಒಡೆಯುತ್ತದೆ. ಹುಡುಗಿಯರು ನನ್ನ ಅಂಗಿಯ ಗುಂಡಿ ತಪ್ಪಾಗಿರುವುದನ್ನು ಕಂಡುಹಿಡಿದು, ನನಗೆ ಹೇಳದೆ, ತಮ್ಮ ತಮ್ಮಲ್ಲೇ ಹಂಚಿಕೊಂಡು ಕಿಸಕ್ಕೆಂದು ನಗುತ್ತಾರೆ.

ಶುರುವಿನಲ್ಲಿ ನಾನೂ ಅವರ ಜೊತೆ ಜಮಖಾನದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುತ್ತಿದ್ದೆ. ಗುರುಶಿಷ್ಯರಲ್ಲಿ ಮೇಲು ಕೀಳು ಇರಬಾರದು ಎಂಬ ಘನವಾದ ಆದರ್ಶ. ಆದರ್ಶಕ್ಕೆ ಮೊಣಕಾಲು ಒಪ್ಪಬೇಕಲ್ಲ! ಒಂದು ಸಂಜೆ ಟೀ ಬಂತೆಂದು ಏಳಲು ಹೋದರೆ ಬಲಗಾಲು ಇದೆಯೋ ಇಲ್ಲವೋ ತಿಳಿಯದಷ್ಟು ಜೋಮು. ಎದ್ದೆ, ತಿರುಗಿದೆ, ಪಕ್ಕದಲ್ಲಿದ್ದ ಕಪ್ಪು ಹಲಗೆಯನ್ನು ಹಿಡಿದುಕೊಂಡೆ. ಹಲಗೆಗೆ ನನ್ನಷ್ಟೂ ಆಧಾರವಿರಲಿಲ್ಲ. ಇಬ್ಬರೂ ಕೂಡಿಯೇ ಮಲಗಿದೆವು. ಏಟು ಬೀಳಲಿಲ್ಲ, ಮರ್ಯಾದೆ ಬಿತ್ತು. ಮಾರನೆಯ ದಿನದಿಂದ ನನಗೊಂದು ಪ್ಲಾಸ್ಟಿಕ್ ಕುರ್ಚಿ ಮಂಜೂರಾಯಿತು. ಕೆಲಸದಲ್ಲಿದ್ದಷ್ಟು ವರ್ಷ ಕುರ್ಚಿಗಾಗಿ ಎಷ್ಟೋ ಅರ್ಜಿ ಹಾಕಿದವನು ನಾನು. ಇಷ್ಟು ಬೇಗ ಮಂಜೂರಾದ ಕುರ್ಚಿ ಇದೊಂದೇ.

ಅದಾದ ಮೇಲೆ ಭಿನ್ನರಾಶಿ ಶುರು ಮಾಡಿದೆ. "ಕಾಲು ಅಂದರೆ ಏನ್ರೋ?" ಎಂದೆ. ಹಿಂದಿನಿಂದ ದನಿ ಬಂತು: "ಜೋಮು ಹಿಡಿಯೋದು ಸಾರ್."

ನಗು ಇಳಿದ ಮೇಲೆ ಹಲಗೆಯ ಮೇಲೆ 1/4 + 1/2 ಬರೆದೆ. ತಾಯಿಯ ತರಕಾರಿ ಗಾಡಿಯಲ್ಲಿ ರಜೆ ದಿನ ನಿಲ್ಲುವ ಹುಡುಗನೊಬ್ಬ ಎದ್ದು ಬಂದು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ, 2/6 ಎಂದು ಬರೆದು, ಸೀಮೆಸುಣ್ಣ ಕೊಡವಿಕೊಂಡು ನಿಂತ. ಭಿನ್ನರಾಶಿ ಹುಟ್ಟಿದಾಗಿನಿಂದ ಮಕ್ಕಳು ಮಾಡುತ್ತ ಬಂದಿರುವ ಸಂಕಲನ ಅದು. ನಾನು ಹಲಗೆ ಬಿಟ್ಟು ಕೇಳಿದೆ:

"ಕಾಲು ಕೆಜಿ ಟೊಮೇಟೊ, ಅರ್ಧ ಕೆಜಿ ಈರುಳ್ಳಿ, ಒಂದೇ ಚೀಲಕ್ಕೆ ಹಾಕಿದೆ. ಚೀಲ ಎಷ್ಟು ತೂಗುತ್ತೆ?"

"ಮುಕ್ಕಾಲು ಕೆಜಿ. ಅಷ್ಟೂ ಗೊತ್ತಾಗಲ್ವಾ ಸಾರ್?"

"ಮತ್ತೆ ಹಲಗೆ ಮೇಲೆ ಬರೆದಿದ್ದು?"

ಅವನು ಹಲಗೆ ನೋಡಿದ, ನನ್ನನ್ನು ನೋಡಿದ, ಕನಿಕರದಿಂದ ಹೇಳಿದ: "ಸಾರ್, ಅದು ಲೆಕ್ಕ. ಇದು ವ್ಯಾಪಾರ."

ಈ ಮಾತಿಗೆ ನಾನು ಇನ್ನೂ ಉತ್ತರ ಹುಡುಕುತ್ತಿದ್ದೇನೆ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ ಎಂದು ಅಣ್ಣ ತಮ್ಮಂದಿರ ಪಾಲನ್ನು ಆಣೆ ತನಕ ಒಡೆದು ಬರೆದವನಿಗೂ ಲೆಕ್ಕ ಬೇರೆ, ಬದುಕು ಬೇರೆ ಎಂದು ಅನ್ನಿಸಿದ್ದುಂಟು. ಹುಡುಗನಿಗೆ ಅದು ಏಳನೇ ಕ್ಲಾಸಿಗೇ ಹೊಳೆದಿದೆ.

ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದು ಹೇಳಲು ನಾಲಿಗೆ ತುರಿಸುತ್ತಿದೆ. ಈ ವಯಸ್ಸಿನ ಕಾಯಿಲೆ ಅದು, ಸ್ವಲ್ಪ ಸಹಿಸಿಕೊಳ್ಳಿ. ನನ್ನೂರು ಹುಲಿಯೂರುದುರ್ಗ, ಕುಣಿಗಲ್ಲಿನಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿದೆ. ಹೆಸರು ಹೇಳಿದ ಕೂಡಲೆ ಮಕ್ಕಳು "ಹುಲಿ ಇದೆಯಾ ಸಾರ್?" ಎಂದು ಮುಂದೆ ಸರಿದು ಕೂತರು. ಹುಲಿ ಹೆಸರಿನಲ್ಲಿದೆ, ದುರ್ಗ ಬೆಟ್ಟದ ಮೇಲಿದೆ ಎಂದೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕಡೆಯವರಿಂದ ಆ ಕೋಟೆಯನ್ನು ಕಿತ್ತುಕೊಂಡ ಕಥೆಯನ್ನು ಉತ್ಸಾಹದಿಂದ ಶುರು ಮಾಡಿದೆ. "ಅಂದ್ರೆ ನಾವು ಸೋತ್ವಾ?" ಎಂದು ಕೇಳಿ, ಹೌದೆಂದ ಮೇಲೆ ಅವರಿಗೆ ಕೋಟೆಯಲ್ಲಿ ಆಸಕ್ತಿ ಹೋಯಿತು. ಬೆಟ್ಟ ಹತ್ತುವಾಗ ಕೋತಿ ಬರುತ್ತವೆಯೇ ಎನ್ನುವುದರಲ್ಲಿ ಮಾತ್ರ ಉಳಿಯಿತು.

ನನ್ನ ಬಾಲ್ಯದಲ್ಲಿ ಸ್ಕೂಲು ಬಿಟ್ಟ ಮೇಲಿನ ಹೊತ್ತನ್ನು ನೋಡಿಕೊಳ್ಳುತ್ತಿದ್ದುದು ಆ ಬೆಟ್ಟವೇ. ಅದರಿಂದ ತಪ್ಪಿಸಿಕೊಂಡವರನ್ನು ಒಬ್ಬ ಮುದುಕರು ಹಿಡಿದು ಜಗಲಿಯ ಮೇಲೆ ಕೂರಿಸಿ ಮಗ್ಗಿ ಹೇಳಿಸುತ್ತಿದ್ದರು. ಈಗಿನ ಮಗ್ಗಿ ಅಲ್ಲ ಸ್ವಾಮಿ. ಕಾಲು ಮಗ್ಗಿ, ಮುಕ್ಕಾಲು ಮಗ್ಗಿ, ಒಂದೂವರೆ ಮಗ್ಗಿ. ಏಳು ಒಂದೂವರೆ ಹತ್ತೂವರೆ, ಒಂಬತ್ತು ಮುಕ್ಕಾಲು ಆರೂಮುಕ್ಕಾಲು. ಹಳೆಯ ಕೂಲಿಮಠಗಳಲ್ಲಿ ಐಗಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡಿಸಿ, ಇಂಥ ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದರಂತೆ. ನಮ್ಮ ಮುದುಕರು ಆ ಸಂತತಿಯ ಕೊನೆಯ ಕೊಂಡಿ. ಫೀಸಿಗೆ ಅವರೆಕಾಯಿ ಕಾಲದಲ್ಲಿ ಅವರೆಕಾಯಿ, ಇಲ್ಲದಾಗ ಇಲ್ಲ. ಅವರು ನೀತಿಶತಕವನ್ನೂ ಹೇಳಿಕೊಟ್ಟಿದ್ದರು. ಈಗ ನನ್ನಲ್ಲಿ ಉಳಿದಿರುವುದು ಒಂದೂವರೆ ಮಗ್ಗಿ ಮತ್ತು ಅವರು ನಶ್ಯ ಏರಿಸುತ್ತಿದ್ದ ಶೈಲಿ. ಶೈಲಿ ಬಲು ಚೆನ್ನಾಗಿ ಉಳಿದಿದೆ.

ಬಿಡುವಿನ ಹೊತ್ತಿಗೆ ಮಕ್ಕಳನ್ನು ಗುಡ್ಡೆ ಹಾಕಿ ಕಲಿಸುವ ಹುಚ್ಚು ಎಲ್ಲ ಊರಿನಲ್ಲೂ ಇದೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯವನು ಭಾನುವಾರದ ಶಾಲೆ ತೆರೆದ. ವಾರವಿಡೀ ದುಡಿದು ಭಾನುವಾರ ಬೀದಿ ಸುತ್ತುವ ಮಕ್ಕಳಿಗೆ ಓದು ಕಲಿಸುವುದು ಅದರ ಕೆಲಸ. ಕಲಿಸುವ ಹೆಂಗಸರಿಗೆ ದಿನಕ್ಕೆ ಒಂದು ಶಿಲಿಂಗ್ ಕೊಡುತ್ತಿದ್ದನಂತೆ. ಈ ವಿಷಯವನ್ನು ಪಾಸ್ಟರಮ್ಮನಿಗೆ ಹೇಳಿದೆ. ಅವರು ನಕ್ಕು ಇನ್ನೊಂದು ಸೌಟು ಗುಗ್ಗರಿ ಹಾಕಿದರು.

ಅಷ್ಟು ದೂರ ಯಾಕೆ, ಇಲ್ಲೇ ಗುಬ್ಬಿ ಇದೆ. ಗುಬ್ಬಿ ಎಂದರೆ ನಮಗೆ ವೀರಣ್ಣನವರ ನಾಟಕ ಕಂಪನಿ. ಆ ಕಂಪನಿ ಹುಟ್ಟಿದ್ದು 1884ರಲ್ಲಿ. ಅದಕ್ಕೂ ಮುಂಚೆ, 1837ರಲ್ಲೇ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ಠಾಣೆ ಹೂಡಿದ್ದರು. ಕನ್ನಡಕ್ಕೊಂದು ವ್ಯಾಕರಣ ಬರೆದ ಟಾಮಸ್ ಹಾಡ್ಸನ್ ಅಲ್ಲಿದ್ದವರು. 1839ರಲ್ಲಿ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ಐರಿಷ್ ಹುಡುಗ ಹಡಗು ಹತ್ತಿ ಬಂದು, ಕನ್ನಡ ಕಲಿತು, ಆರೋಗ್ಯ ಕೆಟ್ಟು 1841ರಲ್ಲಿ ಹಿಂತಿರುಗಿದ. ಆಮೇಲೆ 1847ರಲ್ಲಿ ಈ ಸೀಮೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಇವರೆಲ್ಲ ಬಂದದ್ದು ಧರ್ಮ ಹೇಳಲು, ಜೊತೆಗೆ ಶಾಲೆ ತೆರೆದರು. ಗುಬ್ಬಿ ಸೀಮೆಯ ಜನ ಅಕ್ಷರ, ಮಗ್ಗಿ, ಭೂಪಟ ತೆಗೆದುಕೊಂಡರು. ಉಪದೇಶ ಬಂದಾಗ ಬಹುಪಾಲು ಜನ ಕೈ ಮುಗಿದು, ಮಳೆ ಬೆಳೆ ವಿಚಾರಿಸಿ, ಮನೆಗೆ ಹೋದರು. ಕೊಡುವವರ ಪಟ್ಟಿಯೇ ಬೇರೆ, ಪಡೆಯುವವರ ಪಟ್ಟಿಯೇ ಬೇರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಈ ಮಾತು ತುಮಕೂರಿಗೆ ಹೊಸದಲ್ಲ. ಸಿದ್ಧಗಂಗೆಯಲ್ಲಿ ಅನ್ನ, ಅಕ್ಷರ, ಆಶ್ರಯ ಮೂರನ್ನೂ ಜಾತಿ ಕೇಳದೆ ಬಡಿಸುತ್ತ, 111 ವರ್ಷ ಬಾಳಿ, 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಊರಿದು. ಅಲ್ಲಿ ಓದಿದ ನನ್ನ ಭಾವಮೈದನನ್ನು ಏನು ಕಲಿತೆ ಎಂದು ಕೇಳಿದರೆ ಸಂಸ್ಕೃತವನ್ನಾಗಲಿ ವಚನವನ್ನಾಗಲಿ ಹೇಳುವುದಿಲ್ಲ. ಮುದ್ದೆ ನುಂಗುವ ವೇಗದ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾನೆ. ಆದರೆ ಇವತ್ತಿಗೂ ಅವನ ಮನೆಗೆ ಹೋದವರು ಉಣ್ಣದೆ ಬಂದದ್ದಿಲ್ಲ. ಅದು ಯಾವ ಪಿರಿಯಡ್ಡಿನಲ್ಲಿ ಕಲಿಸಿದ ಪಾಠವೋ ಅವನಿಗೂ ಗೊತ್ತಿಲ್ಲ.

ನನ್ನ ಶಿಷ್ಯರೂ ಆರಿಸಿಕೊಳ್ಳುತ್ತಿದ್ದಾರೆ. ಲ.ಸಾ.ಅ. ಹೇಳಿಕೊಟ್ಟೆ, ಕೆಲವರಿಗೆ ಬಂತು, ಕೆಲವರಿಗೆ ಬರಲಿಲ್ಲ. ಪೆನ್ನಿನ ರೀಫಿಲ್ ನಿಂತರೆ ಅಂಗೈಯಲ್ಲಿ ಉಜ್ಜಿ ಬಿಸಿ ಮಾಡುವುದನ್ನು ಯಾರಿಗೂ ಹೇಳಿಕೊಡಲಿಲ್ಲ, ಎಲ್ಲರಿಗೂ ಬಂದಿದೆ. ಒಬ್ಬಳು ನಾನು ಕಚೇರಿಯಲ್ಲಿ ಮಾಡುತ್ತಿದ್ದ ಹಾಗೆ ಪ್ರತಿ ಮೊತ್ತದ ಕೆಳಗೂ ಎರಡು ಗೆರೆ ಎಳೆದು ಚುಟುಕು ಸಹಿ ಹಾಕುತ್ತಾಳೆ. ತರಕಾರಿ ಗಾಡಿಯ ಹುಡುಗ ಮಾತ್ರ ರಾಜಿಗೆ ಬಂದಿದ್ದಾನೆ: ಹಲಗೆಯ ಮೇಲಿನ ಭಿನ್ನರಾಶಿಗೆಲ್ಲ ಪಕ್ಕದಲ್ಲಿ ಸಣ್ಣದಾಗಿ "ಕೆಜಿ" ಎಂದು ಬರೆದುಕೊಳ್ಳುತ್ತಾನೆ. ಉತ್ತರ ಸರಿಯಾಗಿ ಬರುತ್ತದೆ. ಪರೀಕ್ಷೆಯಲ್ಲಿ ಅದನ್ನು ಅಳಿಸಲು ಮರೆಯಬೇಡವೋ ಎಂದಷ್ಟೇ ಹೇಳಿದ್ದೇನೆ.

ಇದನ್ನು ಓದುತ್ತಿರುವ ನಿವೃತ್ತ ಮಿತ್ರರೇ, ನಿಮ್ಮ ಬೀದಿಯಲ್ಲೂ ಚರ್ಚೋ ಮಠವೋ ಮಸೀದಿಯೋ ಇದ್ದು, ಅದರ ಜಗಲಿಯಲ್ಲಿ ಸಂಜೆ ಮಕ್ಕಳು ಕೂತಿದ್ದರೆ ಹೋಗಿ ಬನ್ನಿ. ಕುರ್ಚಿ ಮೊದಲೇ ಕೇಳಿಕೊಳ್ಳಿ. ಪಾಠ ಏನು ಬೇಕಾದರೂ ತಯಾರು ಮಾಡಿಕೊಳ್ಳಿ, ಹೇಗೂ ಅದು ಅವರಿಗೆ ಬೇಡ. ಹೊತ್ತು ಮಾತ್ರ ಮೀರಬೇಡಿ. ಗುಗ್ಗರಿ ವಿಷಯದಲ್ಲಿ ಏಳನೇ ಕ್ಲಾಸಿನವರು ಗುರು ಹಿರಿಯರನ್ನು ನೋಡುವುದಿಲ್ಲ.