ನಾಲ್ಕು ತಾಲೂಕಿನ ಒಂದು ಮನೆ

ಸವಣೂರಿನ ಹೊರಗೆ ನಾನೊಂದು 30-40ರ ಪ್ಲಾಟು ಕೊಂಡ ಸುದ್ದಿ, ಖರೀದಿ ಪತ್ರದ ಶಾಯಿ ಆರುವ ಮೊದಲೇ ಹಾನಗಲ್ಲಿಗೆ ಮುಟ್ಟಿತು. ಅಲ್ಲಿಂದ ಹಿರೇಕೆರೂರಿಗೆ ಇಳಿದು, ಶಿಗ್ಗಾವಿಗೆ ಹತ್ತಿ, ಸಂಜೆಯೊಳಗೆ ಮರಳಿ ನನ್ನ ಫೋನಿಗೇ ಬಂತು: "ಮನಿ ಕಟ್ಟಸಾಕ ಹತ್ತಿಯಂತಲ್ಲೋ, ಹೌದನು?" ನಮ್ಮ ಬಳಗ ಹಾವೇರಿ ಜಿಲ್ಲೆಯ ಈ ನಾಲ್ಕು ತಾಲೂಕುಗಳಲ್ಲಿ ಹಂಚಿಹೋಗಿದೆ. ಸೋದರಮಾವ ಹಾನಗಲ್ಲಿನವನು, ಅಕ್ಕನನ್ನು ಕೊಟ್ಟದ್ದು ಶಿಗ್ಗಾವಿಗೆ, ನಾನು ಹೆಣ್ಣು ತಂದದ್ದು ಹಿರೇಕೆರೂರಿನಿಂದ. ಮನೆಯ ನಕಾಶೆಯನ್ನು ಇಂಜಿನಿಯರ್ ತೆಗೆಯುತ್ತಾನೆಂಬುದು ಪುರಸಭೆಯವರ ನಂಬಿಕೆ. ನಕಾಶೆ ತೆಗೆಯುವವರು ಬೀಗರು, ಬಿಜ್ಜರು. ಇಂಜಿನಿಯರ್ ಅದಕ್ಕೆ ಗೆರೆ ಹೊಡೆದು ಶಿಕ್ಕಾ ಒತ್ತುತ್ತಾನೆ, ಅಷ್ಟೆ.

ಇವರ ಸಲಹೆಗಳ ತೊಂದರೆಯೆಂದರೆ ಒಂದೂ ತಪ್ಪಿರುವುದಿಲ್ಲ. ಹಾನಗಲ್ಲು, ಹಿರೇಕೆರೂರು ಮಲೆನಾಡಿನ ಸೆರಗು ಹಿಡಿದ ಊರುಗಳು; ಭತ್ತ, ಅಡಿಕೆ, ಮಾವಿನ ಸೀಮೆ. ಸವಣೂರಿನ ಕಡೆಗೆ ಬರುಬರುತ್ತ ಮಳೆ ಸಣ್ಣದಾಗಿ ನೆಲ ಕಪ್ಪಾಗುತ್ತದೆ. ಎರಡು ತಾಸಿನ ಬಸ್ ದಾರಿಯೊಳಗೆ ಮಣ್ಣು ಬದಲಾಗುತ್ತದೆ, ಮಾಡು ಬದಲಾಗುತ್ತದೆ. ಮಾತು ಮಾತ್ರ ಅದೇ ದನಿಯಲ್ಲಿ ಇರುತ್ತದೆ. ಪ್ರತಿಯೊಬ್ಬರೂ ನೂರಕ್ಕೆ ನೂರು ಸರಿಯಾದದ್ದನ್ನೇ ಹೇಳುತ್ತಾರೆ, ಅವರವರ ಊರಿಗೆ.

ಮೊದಲ ಜಗಳ ಪಾಯಾದ್ದು. ಮಾವ ಬಂದವನೇ ಪ್ಲಾಟಿನ ನಡುವೆ ನಿಂತು, "ಮೂರು ಫೂಟು ತೋಡಿಸು, ಕಲ್ಲು ತುಂಬಿಸು, ಮುಗೀತು. ನಮ್ಮ ಮನಿ ಪಾಯಾ ಎರಡೂವರಿ ಫೂಟಿಂದು. ಅದರ ಮ್ಯಾಲೆ ಮೂರು ತಲಿಮಾರು ಬಾಳ್ವೆ ಮಾಡೈತಿ" ಎಂದ. ಗೌಂಡಿ ಬೀಡಿ ಆರಿಸಿ ಕಾಲಿನಿಂದ ನೆಲದ ಬಿರುಕು ತೋರಿಸಿದ. ಎರಿ ನೆಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಮೇಲಿನ ಮನೆ ಅದರ ಜೊತೆಗೇ ಎದ್ದು ಕೂತು ಮಾಡಿ, ಎರಡು ವರ್ಷದೊಳಗೆ ಗೋಡೆಗಳ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಮೂಡುತ್ತದೆ.

"ಗರಸು ಹತ್ತೂತನಕಾ ತೋಡಬೇಕ್ರಿ ಸರ್ರ."

"ಗರಸು ಎಷ್ಟು ಆಳದಾಗ ಐತಿ?"

"ಅದು ಗರಸಿಗೇ ಗೊತ್ತು."

ಇಂಜಿನಿಯರ್ ಹುಡುಗ ಇನ್ನೊಂದು ದಾರಿ ಹೇಳಿದ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಎರಿ ನೆಲಕ್ಕೆಂದೇ ರೂಢಿಗೆ ತಂದ, ಬುಡ ಅಗಲಿಸಿದ ಕಾಂಕ್ರೀಟು ಕಂಬಗಳನ್ನು ಆಳಕ್ಕೆ ಇಳಿಸಿ ಮೇಲೆ ಮನೆ ಕೂರಿಸುವುದು. ಮಾವ ಅವನನ್ನು ಕರುಣೆಯಿಂದ ನೋಡಿದ. ಕಡೆಗೆ ಗರಸೇ ಗೆದ್ದಿತು. ತೋಡುತ್ತ ಹೋದಂತೆ ದುಡ್ಡು ಕೆಳಗೆ, ಮಣ್ಣು ಮೇಲೆ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ತಿಮ್ಮಪ್ಪ ನಾಯಕನಿಗೆ ನೆಲ ಅಗೆಯುವಾಗ ಹೊನ್ನು ಸಿಕ್ಕಿ ಅವನು ಕನಕನಾದನೆಂದು ನಮ್ಮ ಕಡೆ ಹೇಳುತ್ತಾರೆ. ಬಾಡ ಇಲ್ಲಿಂದ ಬಹಳ ದೂರವಿಲ್ಲವಾದ್ದರಿಂದ ಅವ್ವ ದಿನಾ ಸಂಜೆ ಕುಣಿಯ ಅಂಚಿಗೆ ಬಂದು ಬಗ್ಗಿ ನೋಡುತ್ತಿದ್ದಳು. ನಮಗೆ ಸಿಕ್ಕಿದ್ದು ಒಂದು ಮುರುಕು ಬಳೆ, ಯಾರದೋ ಎತ್ತಿನ ಲಾಳ. ಲಾಳವನ್ನು ಗೌಂಡಿ ಕೇಳದೆಯೇ ಕಿಸೆಗೆ ಹಾಕಿಕೊಂಡ, ಬಾಗಿಲಿಗೆ ಬಡಿಯಲು ಶುಭವಂತೆ. ಯಾರ ಬಾಗಿಲಿಗೆ ಎಂದು ನಾನು ಕೇಳಲಿಲ್ಲ.

ನಂತರ ಆಯದ ಪರ್ವ. ಹಿರೇಕೆರೂರಿನ ಮಾವನವರು ಪಂಚಾಂಗ, ಟೇಪು ಎರಡನ್ನೂ ತಂದಿದ್ದರು. ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ ಎಂದು ಆಯ ಎಂಟು. ಅದರಲ್ಲಿ ನಾಲ್ಕು ಒಳ್ಳೆಯವು, ನಾಲ್ಕು ಕೆಟ್ಟವು. ಉದ್ದಗಲ ಗುಣಿಸಿ ಭಾಗಿಸಿ ಉಳಿದ ಶೇಷ ನೋಡಿದ ಅವರು, "ಅಳಿಯಂದ್ರ, ನಿಮ್ಮ ಮಲಗೋ ಖೋಲಿಗೆ ನಾಯಿ ಬಂದೈತಲ್ರಿ" ಎಂದರು. ಹೆಂಡತಿ ನನ್ನ ಕಡೆ ನೋಡಿದಳು. ಯಾಕೆ ನೋಡಿದಳೋ ಇವತ್ತಿನವರೆಗೂ ತಿಳಿದಿಲ್ಲ. ಗೋಡೆಯನ್ನು ನಾಲ್ಕು ಇಂಚು ಒಳಗೆ ಸರಿಸಿದ್ದೇ ನಾಯಿ ಹೋಗಿ ಆನೆ ಬಂತು. ಆನೆ ಹಿಡಿಯಿತು, ಆದರೆ ಮದುವೆಯಲ್ಲಿ ಅವರೇ ಕೊಟ್ಟ ಕಪಾಟು ಹಿಡಿಯಲಿಲ್ಲ. ಅದೀಗ ಪಡಸಾಲೆಯಲ್ಲಿ ಟೀವಿಗೆ ಅಡ್ಡ ನಿಂತಿದೆ.

ಅವ್ವನ ಪ್ರಶ್ನೆಗಳು ಬೇರೆ. ಹಗೇವು ಎಲ್ಲಿ? ದನ ಕಟ್ಟುವುದೆಲ್ಲಿ? ನಮ್ಮಲ್ಲಿ ಹೊಲ ಲಾವಣಿಗೆ ಹೋಗಿ ಎಷ್ಟೋ ಕಾಲವಾಯಿತು, ದನ ಇಲ್ಲ, ಜೋಳ ಕಿಲೋ ಲೆಕ್ಕದಲ್ಲಿ ಬರುತ್ತದೆ. ಆದರೂ ದಂದಕ್ಕಿ ಇಲ್ಲದ್ದು ಮನೆ ಎಂದು ಒಪ್ಪಲು ಅವಳಿಗೆ ಮನಸ್ಸಿಲ್ಲ. ಕೊನೆಗೆ ಮೋಟರ್ ಸೈಕಲ್ ನಿಲ್ಲಿಸುವ ಜಾಗಕ್ಕೆ ದಂದಕ್ಕಿ ಎಂದು ಹೆಸರಿಟ್ಟು ಸಮಾಧಾನ ಮಾಡಿದೆವು. ಇನ್ನು ಮಲಗುವ ಖೋಲಿಗೇ ಹತ್ತಿದ ಪಾಯಖಾನೆಯ ವಿಷಯ. "ದೇವರ ಜಗಲಿ ಗ್ವಾಡಿ ಈ ಕಡೆ, ಅದು ಆ ಕಡೆ. ನಡುವೆ ಒಂಬತ್ತಿಂಚು ಇಟ್ಟಂಗಿ. ದೇವರಿಗೆ ಮೂಗಿಲ್ಲನು?" ಎಂದಳು. ಇದಕ್ಕೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಉತ್ತರ ಕಲಿಸಿದಂತೆ ಕಾಣಲಿಲ್ಲ. ಹುಡುಗ ದೇವರನ್ನೇ ಈಶಾನ್ಯಕ್ಕೆ ಎಬ್ಬಿಸಿದ.

ಮಾಡಿನ ಪ್ರಶ್ನೆ ಬಂದಾಗ ನಾಲ್ಕೂ ತಾಲೂಕು ಒಂದೇ ದಿನ ಕೂಡಿತು. ಮಾವನವರಿಗೆ ಇಳಿಜಾರು ಮಾಡು, ಮಂಗಳೂರು ಹಂಚು ಬೇಕು; ಮಳೆ ಬಿದ್ದ ಹಾಗೆಯೇ ಜಾರಿಹೋಗಬೇಕು. ಶಿಗ್ಗಾವಿ ಅಕ್ಕನಿಗೆ ಸಪಾಟು ಮಾಳಿಗೆ ಬೇಕು. "ತಮ್ಮಾ, ಮೆಣಸಿನಕಾಯಿ ಎಲ್ಲಿ ಒಣಗಸ್ತಿ? ಶಂಡಿಗಿ ಎಲ್ಲಿ ಹಾಕ್ತಿ? ಹಂಚಿನ ಮ್ಯಾಲೆ ಹತ್ತಿ ಕುಂದರ್ತಿಯೇನು?" ಮಾವನವರು ಸೋರುವ ಭಯ ಹುಟ್ಟಿಸಿದರು. ಸೋರುವ ವಿಷಯದಲ್ಲಿ ಶಿಗ್ಗಾವಿ ತಾಲೂಕಿನವರಿಗೆ ಬೇರೆ ಯಾರೂ ಪಾಠ ಹೇಳಬೇಕಿಲ್ಲ. ಶಿಶುವಿನಹಾಳದ ಶರೀಫಜ್ಜ ಮಾಳಿಗೆ ಸೋರುವುದನ್ನೇ ತತ್ವವಾಗಿ ಹಾಡಿ 1889ರಲ್ಲೇ ತೀರಿಕೊಂಡ. ಅಂಥ ತಾಲೂಕಿನ ಸೊಸೆಯಾದ ಅಕ್ಕ ಬಗ್ಗಲಿಲ್ಲ. ಹಳೆಯ ಮಣ್ಣಿನ ಮಾಳಿಗೆ, ಜಂತಿ, ತೊಲೆ ಎಲ್ಲ ಎಷ್ಟು ತಂಪು ಎಂದು ಹಾಡಿ ಹೊಗಳತೊಡಗಿದಾಗ ಮಾತ್ರ ಅವ್ವ ತಡೆದಳು. 2019ರ ಮಳೆಯಲ್ಲಿ ನಮ್ಮ ಓಣಿಯ ಮಣ್ಣಿನ ಗೋಡೆಗಳು ರಾತ್ರಿಯಿಡೀ ಧೊಪ್ಪೆಂದು ಬೀಳುವುದನ್ನು ಅವಳು ಕಂಬಳಿ ಹೊದ್ದು ಕೇಳಿದವಳು. ಆ ವರ್ಷ ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ಕೊಟ್ಟಿತು. ಕಂತು ಬೇಕಾದರೆ ಪಾಯಾ ಮುಂದೆ ಒಂದು ಫೋಟೋ, ಲಿಂಟಲ್ ಮುಂದೆ ಒಂದು ಫೋಟೋ. ಜನ ಮದುವೆಯಲ್ಲೂ ಅಷ್ಟು ಸೆಟೆದು ನಿಂತು ಫೋಟೋ ತೆಗೆಸಿಕೊಂಡಿರಲಿಲ್ಲ. ಸಿಮೆಂಟಿನ ಸ್ಲ್ಯಾಬೇ ಸೈ ಎಂದು ತೀರ್ಮಾನವಾಯಿತು. ಮಾವನವರ ಗೌರವಕ್ಕೆ ಬಾಗಿಲ ಮುಂದೆ ನಾಲ್ಕು ಫೂಟಿನ ಹಂಚಿನ ತಡಿಕೆ.

ಹಾನಗಲ್ಲಿನ ಮಾವ ಇದಕ್ಕೂ ಒಪ್ಪದೆ ಗೌಂಡಿಯನ್ನು ಬಸ್ಸು ಹತ್ತಿಸಿ ಕರೆದೊಯ್ದು ತಾರಕೇಶ್ವರ ಗುಡಿಯೊಳಗೆ ನಿಲ್ಲಿಸಿದ. ನಾನೂ ಹಿಂದೆಯೇ ಹೋದೆ. ಚಾಲುಕ್ಯರ ಕಾಲದ ಗುಡಿ, 12ನೆಯ ಶತಮಾನದ್ದು. ಕಡಸಲ ಹಿಡಿದ ಕಂಬಗಳಲ್ಲಿ ಮುಖ ಕಾಣುತ್ತದೆ. ಕತ್ತೆತ್ತಿದರೆ ಕಲ್ಲಿನಲ್ಲೇ ಸುತ್ತು ಸುತ್ತಾಗಿ ಮೇಲೇರಿ, ನಡುವೆ ಕಮಲವಾಗಿ ಇಳಿದ ಛತ್ತು.

"ನೋಡು, ಸಿಮೆಂಟಿಲ್ಲ, ಸಳಿ ಇಲ್ಲ. ಒಂದು ಹನಿ ಸೋರಂಗಿಲ್ಲ" ಎಂದ ಮಾವ.

ಗೌಂಡಿ ಟೋಪಿ ತೆಗೆದು ಬಹಳ ಹೊತ್ತು ನೋಡಿದ. ಒಂದು ಕಂಬವನ್ನು ಅಂಗೈಯಿಂದ ಸವರಿ, ಸಂದಿ ಎಲ್ಲಿದೆ ಎಂದು ಉಗುರಿನಿಂದ ಹುಡುಕಿದ. ಆಮೇಲೆ ಹೇಳಿದ: "ಕೆಲಸ ಭಾರಿ ಐತ್ರಿ. ಆದ್ರ ಇದನ್ನ ಕಟ್ಟೋವಾಗ ನಡಬರ್ಕ ಬಂದು ಅಡಗಿಮನಿ ಆ ಕಡೆ ಸರಸ್ರಿ ಅನ್ನಾವರು ಯಾರೂ ಇದ್ದಿಲ್ಲ."

ದುಡ್ಡಿನ ಕಥೆಯನ್ನು ಬೇಗ ಮುಗಿಸುತ್ತೇನೆ, ಅದೂ ಬೇಗನೇ ಮುಗಿಯಿತು. ಉಸುಕು ಬ್ರಾಸಿನ ಲೆಕ್ಕ. ಬ್ರಾಸೆಂದರೆ 100 ಘನ ಅಡಿ. ಗಾಡಿಯಲ್ಲಿ ಬ್ರಾಸ್ ಇದ್ದದ್ದು ನೆಲಕ್ಕೆ ಸುರಿದ ಮೇಲೆ ಯಾಕೆ ಕಡಿಮೆಯಾಗುತ್ತದೆ ಎಂದು ಕೇಳಿದರೆ ಡ್ರೈವರ್, "ನೀರು ಇಳೀತ್ರಿ" ಎನ್ನುತ್ತಾನೆ. ನದಿಯ ಉಸುಕು ಸಿಗದಾದಾಗ ಎಂ-ಸ್ಯಾಂಡ್ ತರಿಸಿದೆವು. ಅದು ಒಣಗಿಯೇ ಬಂತು, ಆದರೂ ಕಡಿಮೆಯೇ ಇತ್ತು. ಈ ಸಲ ಡ್ರೈವರ್, "ಗಾಳಿಗೆ ಹಾರೇತ್ರಿ" ಎಂದ.

ಸ್ಲ್ಯಾಬಿನ ದಿನ ಮಾತ್ರ ಮರೆಯುವಂಥದ್ದಲ್ಲ. ಮುಂಜಾನೆಯೇ ಮಿಕ್ಸರ್ ಗುಡುಗತೊಡಗಿತು. ಒಂದು ಪಾಲು ಸಿಮೆಂಟು, ಒಂದೂವರೆ ಉಸುಕು, ಮೂರು ಖಡಿ. ಹೆಣ್ಣಾಳುಗಳು ಬುಟ್ಟಿ ದಾಟಿಸುತ್ತ ಹಾಡಿನ ನಡುವೆ ನನ್ನ ಹೆಸರನ್ನೂ ಸೇರಿಸಿ, ಊಟಕ್ಕೆ ಹೋಳಿಗೆ ಬೇಕೆಂದು ಕಟ್ಟಿ ಹಾಡಿದರು. ಮಾಲು ತೆಳ್ಳಗಾದಷ್ಟೂ ಕೆಲಸ ಸರಾಗ, ಸ್ಲ್ಯಾಬು ಪೊಳ್ಳು; ಅದಕ್ಕೇ ಇಂಜಿನಿಯರ್ ಹುಡುಗ ನೀರಿನ ಬಕೀಟಿನ ಪಕ್ಕ ಕಾವಲು ನಿಂತಿದ್ದ. ಅರ್ಧ ಮುಗಿದಿರಬೇಕು, ಹಾನಗಲ್ಲಿನ ಮಾವನ ಫೋನು: "ಇಲ್ಲೆ ಧೋ ಧೋ ಸುರೀತೈತಿ! ಮಳಿ ನಿಮ್ಮ ಕಡೆನ ಬರಾಕ ಹತ್ತೈತಿ, ತಾಡಪತ್ರಿ ಹಾಸ್ರಿ!" ಮುಂಗಾರು ನಮ್ಮಲ್ಲಿ ಪಡುವಣದಿಂದಲೇ ಬರುವುದು, ಮೊದಲು ಹಾನಗಲ್ಲು, ಆಮೇಲೆ ನಾವು. ಬಾನು ನೋಡಿದರೆ ಬಿಸಿಲು. ಗೌಂಡಿ ನಕ್ಕ. ಅವ್ವ ಮಾತ್ರ ತಮ್ಮನ ಮಾತು ಎಂದು ಎದುರು ಮನೆಯ ರಾಶಿಯ ಮೇಲಿನ ತಾಡಪತ್ರಿಯನ್ನೂ ಎಳೆದುಕೊಂಡು ಬಂದಳು. ಕೊನೆಯ ಬುಟ್ಟಿ ಸುರಿದು ಹಾಸಿದ್ದೇ ತಡ, ಮಳೆ ಹೇಳಿದ ಟೈಮಿಗೆ ಬಂತು. ಬಳಗದವರ ಸಲಹೆಗಳಲ್ಲಿ ಸವಣೂರಿಗೂ ಸರಿಹೊಂದಿದ್ದು ಇದೊಂದೇ. ಅದರ ಬಾಡಿಗೆಯನ್ನು ಮಾವ ಇಂದಿಗೂ ಬಂದಾಗಲೆಲ್ಲ ವಸೂಲಿ ಮಾಡುತ್ತಾನೆ.

ಮರುದಿನದಿಂದ ಸ್ಲ್ಯಾಬಿನ ಮೇಲೆ ಸಣ್ಣ ಸಣ್ಣ ಮಡಿ ಕಟ್ಟಿ ನೀರು ನಿಲ್ಲಿಸಿದೆವು. ಹತ್ತು ದಿನವಾದರೂ ಒಣಗಲು ಬಿಡಬಾರದೆಂದು ಇಂಜಿನಿಯರನ ಕಟ್ಟಪ್ಪಣೆ. ಹಾನಗಲ್ಲಿನ ಗದ್ದೆಯಂತೆ ಕಾಣುತ್ತಿತ್ತು. ಅವ್ವ ಬೆಳಿಗ್ಗೆ, ಸಂಜೆ ಏಣಿ ಹತ್ತಿ ನೀರು ಕಟ್ಟಿದಳು. ಲಾವಣಿಗೆ ಹೋದ ಹೊಲ ಅವಳ ಮಟ್ಟಿಗೆ ಮಾಳಿಗೆಯ ಮೇಲೆ ತಿರುಗಿ ಬಂದಿತ್ತು.

ಗೃಹಪ್ರವೇಶದಲ್ಲಿ ಬಂದವರಿಗೆ ಮನೆ ತೋರಿಸುವ ಕೆಲಸ ನನಗೆ ಉಳಿಯಲೇ ಇಲ್ಲ. ಮಾವನವರು ಆನೆ ತೋರಿಸಿದರು, ಅಕ್ಕ ಮಾಳಿಗೆ, ಅವ್ವ ದಂದಕ್ಕಿ. ಹಾನಗಲ್ಲಿನ ಮಾವ ಜನರನ್ನು ಒಂದು ಮೂಲೆಗೆ ಕರೆದು ಕಾಣದ ಪಾಯಾ ತೋರಿಸುತ್ತ, "ಆಳ ತೋಡಸ ಅಂತ ನಾನ ಹೇಳಿದ್ದೆ" ಎನ್ನುತ್ತಿದ್ದ. ಮನೆಗೆ ಹೆಸರಿಡುವುದು ಇನ್ನೂ ಬಗೆಹರಿದಿಲ್ಲ. ತಾರಕೇಶ್ವರ ಕೃಪಾ ಎಂದು ಹಾನಗಲ್ಲು, ದುರ್ಗಾ ನಿಲಯ ಎಂದು ಹಿರೇಕೆರೂರು, ಕನಕಶ್ರೀ ಎಂದು ಶಿಗ್ಗಾವಿ. ಪೇಂಟರ್ ಕಾದು ಕಾದು ಹೊರಟುಹೋದ. ಖಾಲಿ ಉಳಿದ ಜಾಗದಲ್ಲಿ ಗೌಂಡಿ ತನ್ನ ಫೋನ್ ನಂಬರು ದಪ್ಪಗೆ ಬರೆದಿದ್ದಾನೆ. ಹೀಗಾಗಿ ನಮ್ಮ ಪಾರ್ಸಲ್ಲಿನವರು ಅವನಿಗೇ ಫೋನು ಹಚ್ಚುತ್ತಾರೆ, ಅವನು ನನಗೆ ಹಚ್ಚುತ್ತಾನೆ.

"ಸರ್ರ, ನಿಮ್ಮ ಮನಿ ಮುಂದ ಯಾರೋ ನಿಂತಾರಂತ ನೋಡ್ರಿ. ಮತ್ತ, ಕಾಲಂ ಸಳಿ ಮ್ಯಾಲೆ ಹಂಗ ಬಿಟ್ಟೀನ್ರಿ. ಇನ್ನೊಂದ ಮಾಳಿಗಿ ಏರಸೂದು ಅಕ್ಕಾರ ಜೋಡಿ ಆಗಲೇ ಮಾತಾಡೀನಿ."